ಹುಟ್ಟಿನಿಂದ ಬಂದ ಹೃದಯದೋಷ: ಶಸ್ತ್ರಚಿಕಿತ್ಸೆಗೆ ತಕ್ಕ ಕಾಲ

ಶಾಲೆ ತೆರೆದ ಹೊಸದರಲ್ಲಿ ಎಂಟನೆಯ ಇಯತ್ತೆಗೆ ಬಂದ ಮಕ್ಕಳ ಪರಿಚಯ ಮಾಡಿಕೊಳ್ಳುವುದು ಕನ್ನಡ ಮಾಸ್ತರನಾದ ನನಗೆ ಪ್ರತಿವರ್ಷದ ಸಂತೋಷ. ಕೆಲವು ವರ್ಷಗಳ ಹಿಂದೆ ಹಾಗೆ ಬಂದವರಲ್ಲಿ ಬಬಲೇಶ್ವರದ ಕಡೆಯ ಒಬ್ಬ ಹುಡುಗಿ ಇದ್ದಳು. ಅಕ್ಷರ ಮುತ್ತು ಪೋಣಿಸಿದಂತೆ. ಷಟ್ಪದಿಗೆ ಪ್ರಸ್ತಾರ ಹಾಕುವುದರಲ್ಲಿ ಇಡಿಯ ತರಗತಿಗೆ ಮುಂದು. ಆದರೆ ಮೇಲಿನ ಮಹಡಿಯ ಕೋಣೆಗೆ ಬರುವಾಗ ಮೆಟ್ಟಿಲುಗಳ ನಡುವೆ ಎರಡು ಸಲ ನಿಂತು ಉಸಿರು ತಿರುಗಿಸಿಕೊಳ್ಳುತ್ತಿದ್ದಳು. ತುಟಿಗಳು ನೇರಳೆಹಣ್ಣು ತಿಂದವರ ತುಟಿಯಂತಿದ್ದವು. ಬೆರಳ ತುದಿಗಳು ದುಂಡಗೆ ಉಬ್ಬಿದ್ದವು.

ತಂದೆಯನ್ನು ಕರೆಸಿ ಕೇಳಿದೆ. ಆತ ಸಂಕೋಚದಿಂದ ಹೇಳಿದ: “ಸಣ್ಣಾಕಿ ಇದ್ದಾಗ ಎದಿಯಾಗ ತೂತು ಐತಿ, ಆಪರೇಶನ್ ಮಾಡಸ್ರಿ ಅಂದಿದ್ರು ಸರ. ಆವಾಗ ತಿಂಗಳಿಗೊಮ್ಮೆ ಕೆಮ್ಮು, ಜ್ವರ, ದವಾಖಾನಿ. ಎರಡು ವರ್ಷ ತುಂಬಿದ ಮ್ಯಾಲ ತಾನ ಆರಾಮ ಆದ್ಲು. ಆರಾಮ ಆದ ಕೂಸಿಗೆ ಯಾಕ ಕೊಯ್ಯಸಬೇಕು ಅಂತ ಬಿಟ್ವಿ.”

‘ಆರಾಮ ಆದ್ಲು’ ಎಂಬ ಆ ಎರಡು ಶಬ್ದಗಳು ಬಹಳ ದಿನ ನನ್ನ ಕಿವಿಯಲ್ಲಿ ಉಳಿದವು. ಮಗು ಆರಾಮಾಗಿದ್ದುದು ತಂದೆಯ ಕಣ್ಣಿಗೆ ನಿಜವೇ. ಆದರೆ ಆ ಆರಾಮದ ಹಿಂದೆ ಒಂದು ಬಾಗಿಲು ಸದ್ದಿಲ್ಲದೆ ಮುಚ್ಚಿಕೊಳ್ಳುತ್ತಿತ್ತೆಂಬುದು ಆತನಿಗೆ ತಿಳಿದಿರಲಿಲ್ಲ. ನನಗೂ ಆಗ ತಿಳಿದಿರಲಿಲ್ಲ. ಆಮೇಲೆ ಬಲ್ಲ ವೈದ್ಯರನ್ನು ಕೇಳಿ ತಿಳಿದುಕೊಂಡುದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ. ನಾನು ವೈದ್ಯನಲ್ಲ, ಆದುದರಿಂದ ಯಾವ ಮಗುವಿಗೆ ಏನು ಮಾಡಬೇಕೆಂದು ಹೇಳಲಾರೆ. ಆದರೆ ‘ಯಾವಾಗ’ ಎಂಬ ಪ್ರಶ್ನೆಗೆ ಇಲ್ಲಿ ಎಷ್ಟು ಬೆಲೆಯಿದೆಯೆಂಬುದನ್ನು ಹೇಳಬಲ್ಲೆ.

ಹುಟ್ಟಿನಿಂದಲೇ ಬರುವ ಹೃದಯದೋಷ ಅಪರೂಪದ್ದೆಂದು ನಾವು ತಿಳಿಯುತ್ತೇವೆ. ಹಾಗಲ್ಲ. ಸಾವಿರ ಕೂಸುಗಳು ಹುಟ್ಟಿದರೆ ಅವುಗಳಲ್ಲಿ ಸುಮಾರು ಎಂಟೊಂಬತ್ತು ಕೂಸುಗಳಿಗೆ ಇಂಥದೊಂದು ದೋಷ ಇರುತ್ತದೆ. ಎಲ್ಲವೂ ಭಾರಿಯಾದವಲ್ಲ. ಕೆಲವು ತಾವಾಗಿಯೇ ಮಾಯವಾಗುತ್ತವೆ, ಕೆಲವಕ್ಕೆ ವರ್ಷಗಳ ಅವಕಾಶವಿರುತ್ತದೆ, ಕೆಲವಕ್ಕೆ ತಿಂಗಳುಗಳದು, ಕೆಲವಕ್ಕೆ ದಿನಗಳದು ಮಾತ್ರ. ಈ ವ್ಯತ್ಯಾಸ ಏಕೆಂದು ತಿಳಿಯಬೇಕಾದರೆ ಹೃದಯದ ರಚನೆಯನ್ನು ಸ್ವಲ್ಪ ನೋಡಬೇಕು.

ಹೃದಯವೆಂಬುದು ನಾಲ್ಕು ಕೋಣೆಗಳ ಮನೆ. ಮೇಲೆ ಎರಡು, ಕೆಳಗೆ ಎರಡು. ನಡುವೆ ಎಡಬಲಗಳನ್ನು ಬೇರ್ಪಡಿಸುವ ಗೋಡೆ. ಮೈಯಿಂದ ಹಿಂದಿರುಗಿದ ಮಲಿನರಕ್ತ ಬಲಗಡೆಗೆ ಬರುತ್ತದೆ. ಬಲಗಡೆಯ ಕೆಳಕೋಣೆ ಅದನ್ನು ಶ್ವಾಸಕೋಶಗಳಿಗೆ ದೂಡುತ್ತದೆ. ಅಲ್ಲಿ ಪ್ರಾಣವಾಯುವನ್ನು ಹೊತ್ತ ರಕ್ತ ಎಡಗಡೆಗೆ ಬರುತ್ತದೆ. ಎಡಗಡೆಯ ಕೆಳಕೋಣೆ ಅದನ್ನು ಮೈಯೆಲ್ಲಕ್ಕೂ ಕಳಿಸುತ್ತದೆ. ಶ್ವಾಸಕೋಶಗಳು ಹೃದಯದ ಪಕ್ಕದ ಮನೆ. ಮೆದುಳು, ಕೈಕಾಲುಗಳು ದೂರದ ಊರುಗಳು. ಆದುದರಿಂದ ಎಡಗಡೆಯ ಬಲ ಹೆಚ್ಚು. ಬೆಳೆದ ಮನುಷ್ಯನಲ್ಲಿ ಎಡಗೋಣೆಯ ಒತ್ತಡ ಪಾದರಸದ ಅಳತೆಯಲ್ಲಿ ಸುಮಾರು ೧೨೦ ಮಿಲಿಮೀಟರ್ ಇದ್ದರೆ, ಬಲಗೋಣೆಯದು ಸುಮಾರು ೨೫ ಮಾತ್ರ. ಶ್ವಾಸಕೋಶದ ರಕ್ತನಾಳಗಳು ಈ ಕಡಿಮೆ ಒತ್ತಡಕ್ಕೆ ತಕ್ಕಂತೆ ತೆಳುವಾಗಿ, ಮೃದುವಾಗಿ ರಚಿತವಾಗಿವೆ.

ಗರ್ಭದಲ್ಲಿರುವಾಗ ಕೂಸು ಉಸಿರಾಡುವುದಿಲ್ಲ. ಪ್ರಾಣವಾಯು ತಾಯಿಯಿಂದಲೇ ಬರುತ್ತದೆ. ಆದುದರಿಂದ ರಕ್ತವು ಶ್ವಾಸಕೋಶಗಳನ್ನು ಬಳಸಿ ಹೋಗಲು ಪ್ರಕೃತಿಯೇ ಎರಡು ಅಡ್ಡದಾರಿಗಳನ್ನು ಇಟ್ಟಿದೆ: ಮೇಲ್ಕೋಣೆಗಳ ನಡುವೆ ಒಂದು ಕಿಂಡಿ, ಎರಡು ದೊಡ್ಡ ರಕ್ತನಾಳಗಳ ನಡುವೆ ಒಂದು ಸಣ್ಣ ನಾಳ. ಕೂಸು ಹುಟ್ಟಿ ಮೊದಲ ಉಸಿರೆಳೆದ ಮೇಲೆ ಇವುಗಳ ಕೆಲಸ ಮುಗಿಯಿತು. ನಾಳವು ಸಾಮಾನ್ಯವಾಗಿ ಎರಡು ಮೂರು ದಿನಗಳಲ್ಲಿ ಬಿಗಿದುಕೊಂಡು, ಎರಡು ಮೂರು ವಾರಗಳಲ್ಲಿ ಕಾಯಂ ಆಗಿ ಮುಚ್ಚುತ್ತದೆ. ನನ್ನ ವೃತ್ತಿಯ ಮಾತಿನಲ್ಲಿ ಹೇಳುವುದಾದರೆ ಇದೊಂದು ಲೋಪಸಂಧಿ. ‘ಊರು’ ಮತ್ತು ‘ಅಲ್ಲಿ’ ಕೂಡಿ ‘ಊರಲ್ಲಿ’ ಆಗುವಾಗ ನಡುವಿನ ಉಕಾರ ಬಿದ್ದುಹೋಗುವಂತೆ, ಗರ್ಭವಾಸವೂ ಲೋಕವಾಸವೂ ಕೂಡುವ ಸಂಧಿಯಲ್ಲಿ ಈ ಎರಡು ದಾರಿಗಳು ಲೋಪವಾಗಬೇಕು. ಕೆಲವು ಕೂಸುಗಳಲ್ಲಿ ಲೋಪವಾಗದೆ ಪ್ರಕೃತಿಭಾವದಲ್ಲಿಯೇ ಉಳಿಯುತ್ತವೆ. ಆಗ ಅದು ದೋಷ. ಇನ್ನು ಕೆಲವರಲ್ಲಿ ಕೋಣೆಗಳ ನಡುವಿನ ಗೋಡೆಯೇ ಪೂರ್ತಿ ಕಟ್ಟಿರುವುದಿಲ್ಲ. ಕೆಳಕೋಣೆಗಳ ನಡುವಣ ಗೋಡೆಯಲ್ಲಿ ಉಳಿದ ರಂಧ್ರವೇ ಈ ದೋಷಗಳಲ್ಲಿ ಬಹು ಸಾಮಾನ್ಯವಾದುದು. ನಮ್ಮ ಜನ ‘ಎದಿಯಾಗ ತೂತು’ ಎನ್ನುವುದು ಹೆಚ್ಚಾಗಿ ಇದನ್ನೇ.

ರಂಧ್ರವಿದ್ದರೆ ಏನಾಗುತ್ತದೆ? ವಿಜಯಪುರದವರಿಗೆ ಇದನ್ನು ತಿಳಿಸುವುದು ಸುಲಭ. ನಮ್ಮ ಊರಿನಲ್ಲಿ ಆದಿಲಶಾಹಿ ಕಾಲದ ನೀರಿನ ಗಂಜ್‌ಗಳು ಇಂದಿಗೂ ಅಲ್ಲಲ್ಲಿ ನಿಂತಿವೆ. ೧೬೫೧ರಲ್ಲಿ ಕಟ್ಟಿದ ಬೇಗಂ ತಲಾಬಿನಿಂದ ಮಣ್ಣಿನ ಕೊಳವೆಗಳಲ್ಲಿ ಊರಿಗೆ ನೀರು ಬರುತ್ತಿತ್ತು. ಸುಟ್ಟ ಮಣ್ಣಿನ ಕೊಳವೆ ಹೆಚ್ಚಿನ ಒತ್ತಡವನ್ನು ತಾಳದು. ಇದನ್ನು ಬಲ್ಲ ಅಂದಿನ ಕುಶಲಿಗಳು ದಾರಿಯ ನಡುನಡುವೆ ಈ ಗೋಪುರಗಳನ್ನು ಎಬ್ಬಿಸಿ ನೀರಿನ ಒತ್ತಡವನ್ನು ಇಳಿಸಿದರು. ಟಿಕೋಟಾದ ದ್ರಾಕ್ಷಿ ಬೆಳೆಗಾರನಿಗೂ ಈ ಮಾತು ಗೊತ್ತು. ಬಳ್ಳಿಯ ಬುಡಕ್ಕೆ ಹನಿಯಿಕ್ಕುವ ತೆಳುವಾದ ಪೈಪಿಗೆ ಮೋಟರಿನ ಪೂರ್ತಿ ಒತ್ತಡವನ್ನು ಯಾರೂ ಬಿಡುವುದಿಲ್ಲ. ಹೃದಯದ ಕೆಳಗೋಡೆಯಲ್ಲಿ ದೊಡ್ಡ ರಂಧ್ರವಿದ್ದರೆ ಆಗುವುದು ಅದೇ: ಎಡಗೋಣೆಯ ಪೂರ್ತಿ ಒತ್ತಡ ಶ್ವಾಸಕೋಶದ ಮೃದುವಾದ ನಾಳಗಳ ಮೇಲೆ ಬೀಳುತ್ತದೆ, ಬೇಕಾದುದಕ್ಕಿಂತ ಎರಡು ಮೂರು ಪಟ್ಟು ರಕ್ತ ಅಲ್ಲಿಗೆ ನುಗ್ಗುತ್ತದೆ. ತಡೆಯುವ ಗಂಜ್ ನಡುವೆ ಇಲ್ಲ.

ಹುಟ್ಟಿದ ಮೊದಲ ವಾರಗಳಲ್ಲಿ ಇದು ತೋರದು. ಆಗ ಶ್ವಾಸಕೋಶದ ನಾಳಗಳು ಇನ್ನೂ ಗರ್ಭದಲ್ಲಿದ್ದಂತೆಯೇ ಬಿಗಿಯಾಗಿರುತ್ತವೆ. ರಕ್ತ ಸುಲಭವಾಗಿ ನುಗ್ಗದು. ಒಂದೆರಡು ತಿಂಗಳಲ್ಲಿ ಆ ಬಿಗಿ ಸಡಿಲವಾದಂತೆ ನುಗ್ಗುವಿಕೆ ಹೆಚ್ಚುತ್ತದೆ. ಆದುದರಿಂದಲೇ ಹುಟ್ಟಿದಾಗ ‘ಚಲೋ ಇದ್ದ’ ಕೂಸು ಬಾಣಂತನ ಮುಗಿಯುವ ವೇಳೆಗೆ ಬಾಡತೊಡಗುತ್ತದೆ. ಮೊಲೆ ಹಿಡಿದು ನಾಲ್ಕು ಗುಟುಕು ಕುಡಿದು ಬಿಡುತ್ತದೆ, ದಣಿದು ಮಲಗುತ್ತದೆ, ಹಸಿದು ಮತ್ತೆ ಅಳುತ್ತದೆ. ಹಾಲು ಕುಡಿಯುವಾಗ ಹಣೆ, ತಲೆ ಬೆವರುತ್ತವೆ. ಪಕ್ಕೆ ಒಳಕ್ಕೆ ಸೆಳೆದುಕೊಂಡು ಉಸಿರಾಡುತ್ತದೆ. ತೂಕ ಏರುವುದಿಲ್ಲ. ಮೇಲಿಂದ ಮೇಲೆ ನಿಮೋನಿಯಾ ಬರುತ್ತದೆ. ಮನೆಯವರು ದೃಷ್ಟಿಯಾಯಿತೆಂದು ಉಪ್ಪು ಮೆಣಸಿನಕಾಯಿ ಇಳಿತೆಗೆಯುತ್ತಾರೆ. ಇಳಿತೆಗೆಯಲಿ, ಆದರೆ ಅದೇ ದಿನ ದವಾಖಾನೆಗೂ ಹೋಗಲಿ.

ಇನ್ನು ಮುಖ್ಯವಾದ ಸಂಗತಿಗೆ ಬರೋಣ. ವರ್ಷಗಟ್ಟಲೆ ಇಂಥ ಒತ್ತಡ ಬಿದ್ದರೆ ಶ್ವಾಸಕೋಶದ ನಾಳಗಳು ಸುಮ್ಮನೆ ಇರುವುದಿಲ್ಲ. ಭಾರ ಹೊತ್ತ ಹೆಗಲು ಜಡ್ಡುಗಟ್ಟುವಂತೆ ಅವುಗಳ ಗೋಡೆ ದಪ್ಪವಾಗುತ್ತದೆ, ಒಳದಾರಿ ಕಿರಿದಾಗುತ್ತದೆ. ಆಗ ರಕ್ತ ಮೊದಲಿನಂತೆ ನುಗ್ಗಲಾರದು. ನುಗ್ಗದಿದ್ದುದರಿಂದ ಕೆಮ್ಮು, ನಿಮೋನಿಯಾ ಕಡಿಮೆಯಾಗುತ್ತವೆ. ಮಗು ಹಾಲು ಅನ್ನ ತಿನ್ನುತ್ತದೆ, ತೂಕ ಹಿಡಿಯುತ್ತದೆ. ತಾಯಿತಂದೆಗಳು ದೇವರಿಗೆ ಕಾಯಿ ಒಡೆಸುತ್ತಾರೆ. ಬಬಲೇಶ್ವರದ ಕಡೆಯ ಆ ತಂದೆ ಹೇಳಿದ ‘ಆರಾಮ’ ಇದೇ. ನಾಳಗಳ ಬಿಗಿತ ಇನ್ನೂ ಏರಿ ಮೈಯ ಕಡೆಯ ಒತ್ತಡವನ್ನು ಮೀರಿದಾಗ ರಂಧ್ರದಲ್ಲಿ ರಕ್ತ ಹಿಂದುಮುಂದಾಗಿ ಹರಿಯುತ್ತದೆ: ಬಲಗಡೆಯ ಮಲಿನರಕ್ತ ಎಡಕ್ಕೆ ಸೇರಿ ಮೈಗೆ ಹೋಗುತ್ತದೆ. ತುಟಿ, ಉಗುರು ನೀಲಿಯಾಗುತ್ತವೆ.

ಈ ಸ್ಥಿತಿಯನ್ನು ೧೮೯೭ರಲ್ಲಿ ವಿಕ್ಟರ್ ಐಸೆನ್‌ಮೆಂಗರ್ ಎಂಬ ಆಸ್ಟ್ರಿಯಾದ ವೈದ್ಯರು ೩೨ ವರ್ಷದ ಒಬ್ಬ ರೋಗಿಯಲ್ಲಿ ಕಂಡು ಬರೆದಿಟ್ಟರು. ೧೯೫೮ರಲ್ಲಿ ಲಂಡನ್ನಿನ ಪಾಲ್ ವುಡ್ ಎಂಬವರು ಅದರ ಕಾರಣವನ್ನು ವಿವರವಾಗಿ ತೋರಿಸಿದರು. ಇದರಲ್ಲಿ ಎಲ್ಲಕ್ಕಿಂತ ಕಠಿಣವಾದ ಮಾತೊಂದಿದೆ. ಈ ಹಂತ ಮುಟ್ಟಿದ ಮೇಲೆ ರಂಧ್ರವನ್ನು ಮುಚ್ಚಬಾರದು. ಏಕೆಂದರೆ ಬಿಗಿದ ಶ್ವಾಸಕೋಶದ ಎದುರು ಏದುಸಿರು ಬಿಡುತ್ತಿರುವ ಬಲಗೋಣೆಗೆ ಈಗ ಆ ರಂಧ್ರವೇ ಗಂಜ್. ಅದನ್ನೂ ಮುಚ್ಚಿದರೆ ಹೃದಯ ಕುಸಿಯುತ್ತದೆ. ಮೊದಲು ಯಾವುದು ರೋಗವಾಗಿತ್ತೋ ಅದೇ ಈಗ ಆಸರೆ. ಕಾಲ ಮೀರುವುದೆಂದರೆ ಇದು.

ಸದ್ದಿನ ವಿಷಯದಲ್ಲಿಯೂ ಒಂದು ಮಾತು. ವೈದ್ಯರು ಎದೆಗೆ ನಳಿಗೆ ಇಟ್ಟು ಕೇಳಿದಾಗ ‘ಮರ್ಮರ’ ಕೇಳಿಸುತ್ತದೆನ್ನುತ್ತಾರೆ. ಸದ್ದು ಜೋರಾದಷ್ಟೂ ರೋಗ ದೊಡ್ಡದೆಂದು ನಾವು ಹೆದರುತ್ತೇವೆ. ಕೆಳಗೋಡೆಯ ರಂಧ್ರದ ವಿಷಯದಲ್ಲಿ ಎಷ್ಟೋ ಸಲ ಇದು ವಿಪರೀತ. ನಲ್ಲಿಯನ್ನು ಅರ್ಧಮರ್ಧ ತಿರುವಿದಾಗ ನೀರು ಸುಂಯ್ಗುಡುತ್ತದೆ; ಪೂರ್ತಿ ತೆರೆದಾಗ ಅಷ್ಟು ಸದ್ದಿಲ್ಲ. ಹಾಗೆಯೇ ಸಣ್ಣ ರಂಧ್ರ ಗದ್ದಲ ಮಾಡುತ್ತದೆ. ದೊಡ್ಡದು ಮೆತ್ತಗೆ ಕೆಲಸ ಮಾಡುತ್ತದೆ. ಇನ್ನು ಮೊದಲು ಕೇಳುತ್ತಿದ್ದ ಸದ್ದು ಅಡಗಿದರೆ ಅದಕ್ಕೆ ಎರಡು ಅರ್ಥಗಳುಂಟು: ರಂಧ್ರ ಮುಚ್ಚಿಕೊಂಡಿರಬಹುದು, ಇಲ್ಲವೆ ಶ್ವಾಸಕೋಶ ಬಿಗಿದುಕೊಂಡಿರಬಹುದು. ಒಂದು ಹಬ್ಬ, ಇನ್ನೊಂದು ಅನಾಹುತ. ಹೊರಗಿನಿಂದ ನೋಡಿ ಯಾವುದೆಂದು ತಂದೆತಾಯಿ ಹೇಳಲಾರರು. ಎಕೋ ಪರೀಕ್ಷೆ ಹೇಳುತ್ತದೆ. ಅದರಲ್ಲಿ ನೋವಿಲ್ಲ, ಚುಚ್ಚುವುದಿಲ್ಲ. ಶಬ್ದತರಂಗಗಳಿಂದ ಹೃದಯದ ಚಿತ್ರ ತೆಗೆಯುವುದು ಅಷ್ಟೆ. ಆ ಪರೀಕ್ಷೆ ಇಂದು ವಿಜಯಪುರದಲ್ಲಿಯೇ ಆಗುತ್ತದೆ.

ಹಾಗಾದರೆ ರಂಧ್ರವಿದೆಯೆಂದು ತಿಳಿದ ಕೂಡಲೇ ಎಲ್ಲರಿಗೂ ಶಸ್ತ್ರಚಿಕಿತ್ಸೆಯೇ? ಅಲ್ಲ. ನನ್ನ ಸಹೋದ್ಯೋಗಿಯೊಬ್ಬರ ಮಗನಿಗೆ ಇದೇ ವಿಜಯಪುರದಲ್ಲಿ ಮೂರು ತಿಂಗಳಿದ್ದಾಗ ಮರ್ಮರ ಕೇಳಿಸಿತು. ಗಂಡಹೆಂಡಿರು ಅಂದೇ ಬೆಂಗಳೂರಿಗೆ ಹೊರಟು ನಿಂತರು. ಎಕೋ ಮಾಡಿದ ವೈದ್ಯರು, “ರಂಧ್ರ ಸಣ್ಣದು, ಮಾಂಸಲವಾದ ಭಾಗದಲ್ಲಿದೆ, ಶ್ವಾಸಕೋಶದ ಒತ್ತಡ ಸರಿಯಾಗಿದೆ, ಮಗು ಬೆಳೆಯುತ್ತಿದೆ. ಕಾಯೋಣ” ಎಂದರು. ಇಂಥ ರಂಧ್ರಗಳಲ್ಲಿ ಬಹುಪಾಲು ಮೊದಲ ಕೆಲವು ವರ್ಷಗಳಲ್ಲಿ ತಾವಾಗಿಯೇ ಮುಚ್ಚುತ್ತವೆ. ವೈದ್ಯರು ಹೇಳಿದ ದಿನಕ್ಕೆ ತಪ್ಪದೆ ಹೋಗಿ ತೋರಿಸಿದರು. ಮೂರು ವರ್ಷ ತುಂಬುವ ಮೊದಲೇ ಅದು ಮುಚ್ಚಿತ್ತು. ಇಲ್ಲಿ ಕಾಯುವುದೇ ಚಿಕಿತ್ಸೆಯಾಯಿತು. ಆದರೆ ಒಂದನ್ನು ನೆನಪಿಡಬೇಕು: ಕಾಯುವುದು ಬೇರೆ, ಮರೆಯುವುದು ಬೇರೆ. ಮುಂದಿನ ತಪಾಸಣೆಯ ತಾರೀಖು ಚೀಟಿಯಲ್ಲಿದ್ದರೆ ಅದು ಕಾಯುವುದು. ಚೀಟಿಯೇ ಕಳೆದಿದ್ದರೆ ಅದು ಮರೆಯುವುದು.

ಎರಡನೆಯ ನಿದರ್ಶನ ಟಿಕೋಟಾದ್ದು. ನನ್ನ ಹಳೆಯ ವಿದ್ಯಾರ್ಥಿ, ದ್ರಾಕ್ಷಿ ತೋಟವಿದೆ. ಆತನ ಕೂಸಿಗೆ ಮೂರು ತಿಂಗಳು. ತೂಕ ಮೂರೂವರೆ ಕಿಲೋ. ದೊಡ್ಡ ರಂಧ್ರ. ಔಷಧ ಕೊಟ್ಟರೂ ಉಸಿರಿನ ವೇಗ ಇಳಿಯಲಿಲ್ಲ. ಬೇಗನೆ ಶಸ್ತ್ರಚಿಕಿತ್ಸೆ ಆಗಬೇಕೆಂದರು. ಆಯಿ ಒಪ್ಪಲಿಲ್ಲ. “ಮೂರು ತಿಂಗಳ ಕೂಸಿನ ಎದಿ ಸೀಳತಾರಂತ! ಐದು ವರ್ಷ ಆಗಲಿ, ಮೈ ಗಟ್ಟಿ ಆಗಲಿ, ಆಮ್ಯಾಲ ನೋಡೂಣು” ಎಂದರು. ಆತ ನನ್ನ ಮನೆಗೆ ಬಂದು ಕುಳಿತ. “ಸರ, ಆಯೀ ಮಾತು ಮೀರಲಾ, ಡಾಕ್ಟರ ಮಾತು ಮೀರಲಾ?” ಬಬಲೇಶ್ವರದ ಕಡೆಯ ಹುಡುಗಿ ಆಗ ನನ್ನ ತರಗತಿಯಲ್ಲಿದ್ದಳು. ನಾನು ಆತನನ್ನು ಕರೆದುಕೊಂಡು ವೈದ್ಯರಲ್ಲಿಗೆ ಹೋದೆ, ಆಯಿಯನ್ನೂ ಕರೆದೊಯ್ದೆವು.

ವೈದ್ಯರು ಆ ಮುದುಕಿಗೆ ಹೇಳಿದ ರೀತಿ ನನಗೆ ಮೆಚ್ಚುಗೆಯಾಯಿತು. “ಆಯೀ, ಕೂಸು ಗಟ್ಟಿಯಾಗಲಿ ಎಂದು ನೀವು ಆಪರೇಶನ್ನಿಗೆ ತಡೆಯುತ್ತೀರಿ. ಆಪರೇಶನ್ ಆಗದೆ ಅದು ಗಟ್ಟಿಯಾಗಲಾರದು. ಕುಡಿದ ಹಾಲೆಲ್ಲ ಉಸಿರಾಡುವ ದುಡಿಮೆಗೇ ಖರ್ಚಾಗುತ್ತಿದೆ. ಐದು ವರ್ಷಕ್ಕೆ ಕರೆತಂದರೆ ಆಗ ನಾವೇ ಬೇಡವೆನ್ನಬೇಕಾದೀತು.” ದೊಡ್ಡ ರಂಧ್ರವಿದ್ದು ಔಷಧಕ್ಕೆ ಜಗ್ಗದ ಕೂಸಿಗೆ ಆದಷ್ಟು ಬೇಗ, ಶ್ವಾಸಕೋಶದ ಒತ್ತಡ ಬಹಳ ಏರಿದ್ದರೆ ಮೂರರಿಂದ ಆರು ತಿಂಗಳೊಳಗೆ, ಮಧ್ಯಮ ಗಾತ್ರದ್ದಾದರೆ ಒಂದರಿಂದ ಎರಡು ವರ್ಷದೊಳಗೆ — ಇದು ಇಂದು ನಮ್ಮ ದೇಶದ ತಜ್ಞರು ಅನುಸರಿಸುವ ಸಾಮಾನ್ಯ ಕ್ರಮ. ಟಿಕೋಟಾದ ಕೂಸಿಗೆ ಬೆಂಗಳೂರಿನಲ್ಲಿ ಐದನೆಯ ತಿಂಗಳಿಗೆ ರಂಧ್ರಕ್ಕೆ ತೇಪೆ ಹಾಕಿದರು. ವಾರಗಟ್ಟಲೆ ಆಸ್ಪತ್ರೆಯ ಅಂಗಳದಲ್ಲಿ ಆಯಿ ಜಪಮಣಿ ಹಿಡಿದು ಕುಳಿತಿದ್ದರು. ಅಪಾಯವೇ ಇರಲಿಲ್ಲವೆಂದು ನಾನು ಹೇಳುವುದಿಲ್ಲ. ಎದೆ ತೆರೆಯುವ ಯಾವ ಚಿಕಿತ್ಸೆಯಲ್ಲಿಯೂ ಅಪಾಯ ಇದ್ದೇ ಇದೆ. ಆದರೆ ಆ ಅಪಾಯವನ್ನು ತೂಗುವಾಗ ಸುಮ್ಮನಿರುವುದರ ಅಪಾಯವನ್ನೂ ತಕ್ಕಡಿಯ ಇನ್ನೊಂದು ತಟ್ಟೆಗೆ ಹಾಕಬೇಕು.

ಆಯಿಯ ಮಾತನ್ನು ಅಜ್ಞಾನವೆಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ‘ದೊಡ್ಡವನಾಗಲಿ’ ಎನ್ನುವುದು ಒಂದು ಕಾಲಕ್ಕೆ ವೈದ್ಯರ ಮಾತೂ ಆಗಿತ್ತು. ೧೯೩೮ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ರಾಬರ್ಟ್ ಗ್ರಾಸ್ ಎಂಬವರು ಮುಚ್ಚದೆ ಉಳಿದ ನಾಳವನ್ನು ಮೊದಲ ಬಾರಿಗೆ ಯಶಸ್ವಿಯಾಗಿ ಕಟ್ಟಿದಾಗ ಆ ಹುಡುಗಿಗೆ ಏಳು ವರ್ಷ. ೧೯೪೪ರಲ್ಲಿ ಬಾಲ್ಟಿಮೋರಿನಲ್ಲಿ ಬ್ಲೇಲಾಕ್, ಟೌಸಿಗ್, ವಿವಿಯನ್ ಥಾಮಸ್ ಈ ಮೂವರು ಸೇರಿ ‘ನೀಲಿ ಕೂಸು’ಗಳಿಗೆ ಶ್ವಾಸಕೋಶಕ್ಕೆ ಹೆಚ್ಚು ರಕ್ತ ಹೋಗುವ ದಾರಿಯನ್ನು ಕಲ್ಪಿಸಿದರು. ಆದರೆ ಹೃದಯವನ್ನೇ ತೆರೆಯಬೇಕಾದರೆ ಅದರ ಕೆಲಸವನ್ನು ಅಷ್ಟು ಹೊತ್ತು ಬೇರೆ ಯಂತ್ರ ವಹಿಸಬೇಕು. ಅಂಥ ಯಂತ್ರದಿಂದ ೧೯೫೩ರಲ್ಲಿ ಫಿಲಡೆಲ್ಫಿಯಾದ ಜಾನ್ ಗಿಬ್ಬನ್ ಗೆದ್ದರು. ಆಗಿನ ರೋಗಿ ಹದಿನೆಂಟು ವರ್ಷದ ತರುಣಿ. ಮೊದಲಿನ ಆ ಯಂತ್ರಗಳು ಎಳೆಗೂಸಿನ ಮೈಗೆ ಒಗ್ಗುತ್ತಿರಲಿಲ್ಲ. ೧೯೭೦ರ ದಶಕದಿಂದೀಚೆಗೆ ಎಳೆಗೂಸುಗಳ ಹೃದಯವನ್ನು ತೆರೆದು ಸರಿಪಡಿಸುವುದು ಕೈಗೆ ಬಂದಿತು. ಕಾರಣ ಹೋದರೂ ಮಾತು ಉಳಿಯಿತು. ಹಳೆಯ ಪಂಚಾಂಗದಿಂದ ಹೊಸ ವರ್ಷದ ಮುಹೂರ್ತ ತೆಗೆದಂತೆ ನಾವು ಇನ್ನೂ ‘ದೊಡ್ಡವನಾಗಲಿ’ ಎನ್ನುತ್ತಿದ್ದೇವೆ.

ಬೇರೆ ಬೇರೆ ದೋಷಗಳಿಗೆ ತಕ್ಕ ಕಾಲ ಬೇರೆ ಬೇರೆ. ಮುಖ್ಯವಾದ ನಾಲ್ಕನ್ನು ಮಾತ್ರ ಹೇಳುತ್ತೇನೆ.

ಮೊದಲನೆಯದು ಮೇಲ್ಕೋಣೆಗಳ ನಡುವಿನ ರಂಧ್ರ. ಅಲ್ಲಿ ಒತ್ತಡ ಕಡಿಮೆ. ಶ್ವಾಸಕೋಶಕ್ಕೆ ಧಕ್ಕೆ ನಿಧಾನ. ಆದುದರಿಂದ ಅವಸರವಿಲ್ಲ, ಎರಡರಿಂದ ನಾಲ್ಕು ವರ್ಷದೊಳಗೆ, ಶಾಲೆಗೆ ಸೇರುವ ಮುಂಚೆ, ಮುಚ್ಚಿಸುವುದು ವಾಡಿಕೆ. ತಕ್ಕ ಜಾಗದಲ್ಲಿದ್ದರೆ ಎದೆ ಕೊಯ್ಯದೆ, ತೊಡೆಯ ಸಂದಿನ ರಕ್ತನಾಳದಿಂದ ಸಣ್ಣ ಕೊಡೆಯಂಥ ಸಾಧನವನ್ನು ಕಳಿಸಿ ಮುಚ್ಚುವುದೂ ಉಂಟು. ಇದು ಚಿಕ್ಕಂದಿನಲ್ಲಿ ತೊಂದರೆ ಕೊಡುವುದಿಲ್ಲವಾದುದರಿಂದ ಎಷ್ಟೋ ಜನರಿಗೆ ಮೂವತ್ತು ನಲವತ್ತು ದಾಟಿದ ಮೇಲೆ ತಿಳಿಯುತ್ತದೆ. ಶ್ವಾಸಕೋಶ ಸುಸ್ಥಿತಿಯಲ್ಲಿದ್ದರೆ ಆಗಲೂ ಮುಚ್ಚಬಹುದು.

ಎರಡನೆಯದು ಮುಚ್ಚದೆ ಉಳಿದ ನಾಳ. ದೊಡ್ಡದಾಗಿದ್ದು ಕೂಸು ದಣಿಯುತ್ತಿದ್ದರೆ ಮೊದಲ ತಿಂಗಳುಗಳಲ್ಲಿಯೇ ಮುಚ್ಚಬೇಕು. ಸಣ್ಣದಾದರೆ ವರ್ಷ ತುಂಬಿದ ಮೇಲೆ. ಅಕಾಲದಲ್ಲಿ ಹುಟ್ಟಿದ ಕೂಸುಗಳಲ್ಲಿ ಇದು ಹೆಚ್ಚು. ಅವುಗಳಲ್ಲಿ ಕೆಲವಕ್ಕೆ ಔಷಧದಿಂದಲೇ ಮುಚ್ಚುತ್ತದೆ.

ಮೂರನೆಯದು ‘ಫ್ಯಾಲೋನ ಚತುಷ್ಟಯ’ವೆಂದು ಕರೆಯಬಹುದಾದ, ನಾಲ್ಕು ದೋಷಗಳು ಕೂಡಿದ ಸ್ಥಿತಿ. ಇಲ್ಲಿ ಶ್ವಾಸಕೋಶಕ್ಕೆ ಹೋಗುವ ದಾರಿಯೇ ಕಿರಿದು. ಮಗು ಅಳುವಾಗ ನೀಲಿಯಾಗುತ್ತದೆ. ಸ್ವಲ್ಪ ದೊಡ್ಡದಾದರೆ ಆಡುತ್ತಾಡುತ್ತ ಕುಕ್ಕರಗಾಲಿನಲ್ಲಿ ಕುಳಿತುಬಿಡುತ್ತದೆ. ಪೂರ್ಣ ದುರಸ್ತಿಯನ್ನು ಸಾಮಾನ್ಯವಾಗಿ ಆರು ತಿಂಗಳಿಂದ ಒಂದು ವರ್ಷದ ಸುಮಾರಿಗೆ ಮಾಡುತ್ತಾರೆ. ಅದಕ್ಕೂ ಮೊದಲೇ ಬಹಳ ನೀಲಿಯಾಗುತ್ತಿದ್ದರೆ ಮುಂಚೆಯೇ ಕೈಹಾಕಬೇಕಾಗುತ್ತದೆ. ಕೂಸು ಒಮ್ಮೆಲೇ ಗಾಢನೀಲಿಯಾಗಿ ಚಡಪಡಿಸಿದರೆ ಅದರ ಮೊಣಕಾಲುಗಳನ್ನು ಎದೆಗೆ ಒತ್ತಿ ಹಿಡಿದು ತಕ್ಷಣ ಆಸ್ಪತ್ರೆಗೆ ಒಯ್ಯಬೇಕು.

ನಾಲ್ಕನೆಯದು ಎರಡು ದೊಡ್ಡ ಧಮನಿಗಳು ಅದಲುಬದಲಾಗಿ ಹುಟ್ಟುವುದು. ಇಲ್ಲಿ ಕಾಲ ಅತ್ಯಂತ ಕಿರಿದು. ಎಡಗೋಣೆ ಮೈಗೆ ದೂಡುವ ಬದಲು ಶ್ವಾಸಕೋಶಕ್ಕೆ ದೂಡುತ್ತಿರುತ್ತದೆ. ಹಗುರ ಕೆಲಸಕ್ಕೆ ಒಗ್ಗಿದ ಎತ್ತು ನೇಗಿಲು ಎಳೆಯಲಾರದಂತೆ ಕೆಲವೇ ವಾರಗಳಲ್ಲಿ ಅದು ದುರ್ಬಲವಾಗುತ್ತದೆ. ಆದುದರಿಂದ ಗೋಡೆಯಲ್ಲಿ ರಂಧ್ರವಿಲ್ಲದಿದ್ದರೆ ಧಮನಿಗಳನ್ನು ಸ್ವಸ್ಥಾನಕ್ಕೆ ತಿರುಗಿಸುವ ಚಿಕಿತ್ಸೆಯನ್ನು ಮೊದಲ ಮೂರು ನಾಲ್ಕು ವಾರಗಳಲ್ಲಿಯೇ ಮಾಡುತ್ತಾರೆ. ಬ್ರೆಜಿಲ್ ದೇಶದ ಜತೇನೆ ಎಂಬವರು ೧೯೭೫ರಲ್ಲಿ ಇದನ್ನು ಮೊದಲಿಗೆ ಸಾಧಿಸಿದರು.

ಒಂದು ದೋಷದಲ್ಲಿ ತಡವಾದರೆ ಶ್ವಾಸಕೋಶ ಕೆಡುತ್ತದೆ. ಇನ್ನೊಂದರಲ್ಲಿ ತಡವಾದರೆ ಹೃದಯದ ಬಲ ಕುಂದುತ್ತದೆ. ಮತ್ತೊಂದರಲ್ಲಿ ಅವಸರಿಸಿದರೆ ತಾನೇ ಮುಚ್ಚುತ್ತಿದ್ದುದಕ್ಕೆ ವೃಥಾ ಎದೆ ತೆರೆದಂತಾಗುತ್ತದೆ. ಆದುದರಿಂದ ಪಕ್ಕದ ಮನೆಯ ಮಗುವಿಗೆ ಮಾಡಿದ್ದು ನಿಮ್ಮ ಮಗುವಿಗೆ ಪ್ರಮಾಣವಲ್ಲ. ತಂದೆತಾಯಿಗಳು ವೈದ್ಯರನ್ನು ನಾಲ್ಕು ಪ್ರಶ್ನೆ ಕೇಳಬೇಕು. ದೋಷ ಯಾವುದು, ಎಷ್ಟು ದೊಡ್ಡದು? ಶ್ವಾಸಕೋಶದ ಒತ್ತಡ ಈಗ ಎಷ್ಟಿದೆ? ಇದು ತಾನಾಗಿ ಮುಚ್ಚುವಂಥದೆ? ಚಿಕಿತ್ಸೆಗೆ ಕೊನೆಯ ಗಡುವು ಯಾವುದು? ಈ ನಾಲ್ಕರ ಉತ್ತರವನ್ನು ಒಂದು ಹಾಳೆಯಲ್ಲಿ ಬರೆಸಿಕೊಂಡು ತಾಯಿಕಾರ್ಡಿನ ಜೊತೆಗೆ ಇಟ್ಟುಕೊಳ್ಳಿರಿ. ಡೌನ್ ಸಿಂಡ್ರೋಮ್ ಇರುವ ಕೂಸುಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಹೃದಯದೋಷ ಇರುತ್ತದೆ. ಅವುಗಳ ಶ್ವಾಸಕೋಶ ಇನ್ನೂ ಬೇಗ ಬಿಗಿಯುತ್ತದೆ. ಅಂಥ ಕೂಸಿಗೆ ಹುಟ್ಟಿದ ಹೊಸದರಲ್ಲಿಯೇ ಎಕೋ ಮಾಡಿಸುವುದು ಅವಶ್ಯ.

ಹಣದ ಚಿಂತೆ ನಮ್ಮ ಕಡೆಯ ಬಡವರನ್ನು ಹಿಂದೆಳೆಯುವ ದೊಡ್ಡ ಕಾರಣ. ೨೦೧೩ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಂತೆ ಹುಟ್ಟಿನಿಂದ ಹದಿನೆಂಟು ವರ್ಷದವರೆಗಿನ ಮಕ್ಕಳ ತಪಾಸಣೆಗೆ ವೈದ್ಯರ ತಂಡಗಳು ಅಂಗನವಾಡಿಗಳಿಗೂ ಸರಕಾರಿ ಶಾಲೆಗಳಿಗೂ ಬರುತ್ತವೆ. ಅವರು ನೋಡುವ ದೋಷಗಳ ಪಟ್ಟಿಯಲ್ಲಿ ಹುಟ್ಟುಹೃದಯದೋಷವೂ ಸೇರಿದೆ. ತಂಡ ಬಂದ ದಿನ ಮಗುವನ್ನು ಹೊಲಕ್ಕೋ ಜಾತ್ರೆಗೋ ಕರೆದೊಯ್ಯಬೇಡಿರಿ. ೨೦೧೮ರಿಂದ ಬಂದ ಆಯುಷ್ಮಾನ್ ಭಾರತ–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಡತನದ ರೇಖೆಗಿಂತ ಕೆಳಗಿನ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷ ರೂಪಾಯಿಗಳವರೆಗೆ ನೆರವುಂಟು. ಬೆಂಗಳೂರಿನ ವೈಟ್‌ಫೀಲ್ಡಿನಲ್ಲಿ ೨೦೦೧ರಲ್ಲಿ ತೆರೆದ ಶ್ರೀ ಸತ್ಯಸಾಯಿ ಆಸ್ಪತ್ರೆಯಲ್ಲಿ ಚಿಕಿತ್ಸೆಗೆ ಹಣವನ್ನೇ ಪಡೆಯುವುದಿಲ್ಲ. ಸರಕಾರದ ಜಯದೇವ ಹೃದ್ರೋಗ ಸಂಸ್ಥೆಯೂ ಅಲ್ಲಿದೆ. ನಮ್ಮ ಜಿಲ್ಲೆಯಿಂದ ಬೆಂಗಳೂರು ಐನೂರು ಕಿಲೋಮೀಟರಿಗೂ ಮಿಗಿಲು ದೂರ, ನಿಜ. ಆದರೆ ರಾತ್ರಿ ರೈಲು ಹತ್ತಿದರೆ ಬೆಳಗಿಗೆ ಮುಟ್ಟುವ ದೂರ. ಸಾಧನವಿಲ್ಲದ ಕಾಲ ಹೋಯಿತು; ಈಗ ತಡೆಯುವುದು ಹೆಚ್ಚಾಗಿ ನಮ್ಮ ಹಿಂಜರಿಕೆ.

ಕೊನೆಗೆ ತಾಯಂದಿರ ಪರವಾಗಿ ಒಂದು ಮಾತು. ಇಂಥ ಕೂಸು ಹುಟ್ಟಿದರೆ ‘ಗ್ರಹಣದಾಗ ಹೊರಗ ಬಂದಿದ್ಲು, ಏನೋ ತಿಂದಿದ್ಲು’ ಎಂದು ಸೊಸೆಯ ಮೇಲೆ ತಪ್ಪು ಹೊರಿಸುವುದುಂಟು. ಹೃದಯದ ಗೋಡೆಗಳು ಕಟ್ಟಿ ಮುಗಿಯುವುದು ಗರ್ಭದ ಮೊದಲ ಎರಡು ತಿಂಗಳಲ್ಲಿ. ಎಷ್ಟೋ ಸಲ ತಾನು ಬಸುರಿಯೆಂದು ಆಕೆಗೆ ಇನ್ನೂ ತಿಳಿದಿರುವುದೇ ಇಲ್ಲ. ಹೆಚ್ಚಿನ ದೋಷಗಳಿಗೆ ಒಂದೇ ಒಂದು ಕಾರಣವನ್ನು ತೋರಿಸಲಾಗದು. ಬಸುರಿನ ಮೊದಲಿಗೆ ಬರುವ ರುಬೆಲ್ಲಾ ಜ್ವರ, ಹತೋಟಿಯಲ್ಲಿಲ್ಲದ ಸಕ್ಕರೆರೋಗ, ಹತ್ತಿರದ ರಕ್ತಸಂಬಂಧದ ಮದುವೆ ಇವು ಸಂಭವವನ್ನು ಹೆಚ್ಚಿಸುತ್ತವೆ. ಇವುಗಳಲ್ಲಿ ಯಾವುದೂ ತಾಯಿಯೊಬ್ಬಳ ಅಪರಾಧವಲ್ಲ. ಮನೆಯಲ್ಲಿ ತಪ್ಪು ಯಾರದೆಂಬ ವಿಚಾರಣೆ ನಡೆಯುತ್ತಿರುವಾಗಲೇ ಕೂಸಿನ ತಿಂಗಳುಗಳು ಕಳೆದುಹೋಗುತ್ತವೆ.

ಬಬಲೇಶ್ವರದ ಕಡೆಯ ಹುಡುಗಿಯನ್ನು ಬೆಂಗಳೂರಿಗೆ ಕರೆದೊಯ್ದು ನಳಿಗೆ ಹಾಕಿ ಒತ್ತಡ ಅಳೆದು ನೋಡಿದರು. ಮುಚ್ಚುವ ಕಾಲ ಮೀರಿತ್ತು. ಬಿಗಿದ ನಾಳಗಳನ್ನು ತುಸು ಸಡಿಲಿಸುವ ಮಾತ್ರೆಗಳನ್ನು ಕೊಟ್ಟರು. ಬಿಸಿಲಿಗೆ ಬಳಲಬಾರದು, ನೀರು ಕಡಿಮೆಯಾಗಬಾರದು, ಹಲ್ಲು ಸ್ವಚ್ಛವಾಗಿರಬೇಕು, ಮುಂದೆ ಬಸು‌ರು ಆಕೆಯ ಜೀವಕ್ಕೇ ಅಪಾಯ ಎಂದು ತಿಳಿಸಿದರು. ಹೀಗೆ ಎಚ್ಚರದಿಂದಿದ್ದು ಮೂವತ್ತು, ನಲವತ್ತು, ಅದಕ್ಕೂ ಹೆಚ್ಚು ವರ್ಷ ಬಾಳಿದವರುಂಟೆಂದೂ ಹೇಳಿದರು. ಶಾಲೆಯಲ್ಲಿ ನಮ್ಮ ಕೈಲಾದದ್ದು ಒಂದೇ: ಆಕೆಯ ತರಗತಿಯನ್ನು ಕೆಳಗಿನ ಕೋಣೆಗೆ ಇಳಿಸಿದೆವು. ಅಲ್ಲಿಂದಲೇ ಆಕೆ ಹತ್ತನೆಯ ಇಯತ್ತೆ ಪಾಸಾದಳು. ಕನ್ನಡದಲ್ಲಿ ಶಾಲೆಗೇ ಮೊದಲಿಗಳು.

ಟಿಕೋಟಾದ ಕೂಸು ಈಗ ಕನ್ನಡ ಶಾಲೆಗೆ ಹೋಗುತ್ತಿದೆ. ಎದೆಯ ನಡುವೆ ಒಂದು ಗೆರೆ ಉಳಿದಿದೆ. ಓಟದಲ್ಲಿ ಯಾರಿಗೂ ಹಿಂದಿಲ್ಲವೆಂದು ಆಯಿ ಹೇಳುತ್ತಾರೆ. ನಾನು ನಿವೃತ್ತನಾಗುವ ಮೊದಲು ಅದು ಎಂಟನೆಯ ಇಯತ್ತೆಗೆ ಬಂದರೆ ಮೇಲಿನ ಮಹಡಿಯಲ್ಲಿಯೇ ಪಾಠ ಮಾಡುವೆ.

ವಾಚಕರಲ್ಲಿ ನನ್ನ ವಿನಂತಿ ಇಷ್ಟೆ. ನಿಮ್ಮ ಮನೆಯಲ್ಲೋ ಓಣಿಯಲ್ಲೋ ಚಿಕ್ಕಂದಿನಲ್ಲಿ ‘ಎದಿಯಾಗ ತೂತು’ ಎಂದು ಹೇಳಿಸಿಕೊಂಡು, ಆಮೇಲೆ ‘ಆರಾಮ ಆಯ್ತು’ ಎಂದು ಬಿಟ್ಟುಬಿಟ್ಟ ಮಗುವಿದ್ದರೆ, ಅದನ್ನು ಈ ವಾರವೇ ಕರೆದೊಯ್ದು ಒಮ್ಮೆ ಎಕೋ ಮಾಡಿಸಿರಿ. ರಂಧ್ರ ಮುಚ್ಚಿದ್ದರೆ ನೆಮ್ಮದಿಯಿಂದ ಮನೆಗೆ ಬರುವಿರಿ. ಮುಚ್ಚದಿದ್ದರೆ, ಕಾಲ ಇನ್ನೂ ಇದೆಯೇ ಎಂಬುದಾದರೂ ತಿಳಿಯುತ್ತದೆ.